ಎತ್ತಿಟ್ಟ ಚಮಚ

ಗೋಧಿ ಹುಗ್ಗಿಗೆ ಹುರಿದ ಗಸಗಸೆ ಬಿದ್ದಾಗ ಏಳುವ ವಾಸನೆ ನಮ್ಮ ನ್ಯಾಮತಿ ಮನೆಗೆ ಹೊಸದಲ್ಲ. ಹಿರಿಯರ ಹಬ್ಬಕ್ಕೆ ಅಮ್ಮ ವರ್ಷವೂ ಮಾಡುತ್ತಾಳೆ. ಆದರೆ ಈ ಸಲ ಪಾತ್ರೆಯ ಮುಚ್ಚಳ ತೆಗೆದದ್ದೇ ತಡ, ಖಾರ್ಕಿವ್‌ನ ಆ ಪುಟ್ಟ ಅಡುಗೆಮನೆ ಕಣ್ಣಿಗೆ ಕಟ್ಟಿತು. 

ಡಾಕ್ಟರಿಕೆ ಓದಲು ಉಕ್ರೇನಿಗೆ ಹೋಗಿದ್ದಾಗ ನಾನು ಬಾಡಿಗೆಗಿದ್ದದ್ದು ಒಬ್ಬ ಅಜ್ಜಿಯ ಮನೆಯಲ್ಲಿ. ಮಹಾ ಬಾಯಿಬಡುಕಿ. ಟೋಪಿ ಹಾಕದೆ ಹೊರಟರೆ ಮೆಟ್ಟಿಲವರೆಗೂ ಬೈಯುತ್ತಲೇ ಬರುತ್ತಿದ್ದಳು. ಆಕೆ ಆಡಿದ್ದು ತನ್ನ ಉಕ್ರೇನಿ ಭಾಷೆಯನ್ನೇ. ನನ್ನ ನೆನಪಿನಲ್ಲಿ ಮಾತ್ರ ಅದೆಲ್ಲ ನಮ್ಮೂರ ಮಾತಾಗಿ ಉಳಿದುಬಿಟ್ಟಿದೆ, ಏನು ಮಾಡಲಿ.

ಕ್ರಿಸ್‌ಮಸ್‌ನ ಹಿಂದಿನ ಸಂಜೆ ಆಕೆ ಇಡೀ ಗೋಧಿ ಬೇಯಿಸಿ, ಗಸಗಸೆ ಅರೆದು, ಜೇನು ಕಲಸಿದಳು. ಕುತ್ಯಾ ಅಂತೆ ಅದರ ಹೆಸರು. ರುಚಿ ನೋಡಿದ ನಾನು ಸುಮ್ಮನಿರಲಾರದೆ, "ಇದು ನಮ್ಮ ಹುಗ್ಗಿನೇ ಐತಲ್ಲಜ್ಜಿ! ಬೆಲ್ಲ ಹಾಕಿದ್ರೆ ಇನ್ನೂ ಚಲೋ ಇರ್ತಿತ್ತು" ಎಂದೆ.

"ಬಾಯಿ ಮುಚ್ಕೊಂಡು ತಿನ್ನು. ಒಂದು ಕಾಳು ಕೆಳಗೆ ಬೀಳಂಗಿಲ್ಲ."

ಯಾಕೆ ಬೀಳಬಾರದು ಎಂಬುದನ್ನೂ ಆಮೇಲೆ ತಾನೇ ಹೇಳಿದಳು. ಅವಳ ತಾಯಿ ಚಿಕ್ಕವಳಿದ್ದಾಗ ಸರ್ಕಾರದ ಮಂದಿ ಹಳ್ಳಿಹಳ್ಳಿ ಹೊಕ್ಕು, ಮಡಕೆಯ ತಳದ ಕಾಳನ್ನೂ ಗುಡಿಸಿಕೊಂಡು ಹೋದರಂತೆ. ಗೋಧಿ ಬೆಳೆದವರೇ ಹಸಿದು ಸತ್ತರಂತೆ. ತಾಯಿಯ ಒಡಹುಟ್ಟಿದವರಲ್ಲಿ ಒಬ್ಬರೂ ಉಳಿಯಲಿಲ್ಲ. ದೇವರು-ದಿಂಡರನ್ನು ಒಲ್ಲದ ಆ ಸರ್ಕಾರಕ್ಕೆ ಮುಂದೆ ಈ ಹಬ್ಬ ಮಾಡುವುದೂ ತಪ್ಪು ಅಂತಾಯಿತು. ಕಿಟಕಿಗೆ ಪರದೆ ಎಳೆದು, ಒಂದು ಹಿಡಿ ಗೋಧಿ ತೆನೆಯನ್ನು ಬೀರುವಿನಲ್ಲಿ ಬಚ್ಚಿಟ್ಟುಕೊಂಡು ಮನೆಯವರು ಹಬ್ಬ ಮಾಡುತ್ತಿದ್ದರಂತೆ. ಆ ತೆನೆಯ ಕಟ್ಟಿನಲ್ಲಿ ಸತ್ತ ಹಿರಿಯರು ಬಂದು ಕೂರುತ್ತಾರೆ ಎಂದು ಅವರ ನಂಬಿಕೆ.

ಆ ಸಂಜೆ ಇದ್ದವರು ನಾವಿಬ್ಬರೇ. ತಟ್ಟೆ ಮಾತ್ರ ಮೂರು. ಮೂರನೆಯದು ಅಜ್ಜಿಯ ಮಗನದು. ದೇಶದ ಪೂರ್ವದಲ್ಲಿ ಆಗಲೇ ಹೊತ್ತಿಕೊಂಡಿದ್ದ ಕಾಳಗಕ್ಕೆ ಹೋದವನು... ಸತ್ತನೆಂದೂ ಸುದ್ದಿಯಿಲ್ಲ, ಇದ್ದಾನೆಂದೂ ಇಲ್ಲ. ಊಟವಾದ ಮೇಲೆ ಉಳಿದ ಕುತ್ಯಾವನ್ನು ಮೇಜಿನ ಮೇಲೆಯೇ ಬಿಟ್ಟು, ಸತ್ತವರು ಬಂದು ಉಣ್ಣಲೆಂದು ಅದರ ಸುತ್ತ ಮರದ ಚಮಚ ಇಡುವುದು ಅವರ ಪದ್ಧತಿ. ಅಜ್ಜಿ ಒಬ್ಬೊಬ್ಬರ ಹೆಸರು ಹೇಳುತ್ತಾ ಇಟ್ಟಳು. ನಾನು ಕೈಜೋಡಿಸಲು ಹೋಗಿ, ಮಗನ ತಟ್ಟೆಯಲ್ಲಿದ್ದ ಚಮಚವನ್ನೂ ಎತ್ತಿ ಸತ್ತವರ ಚಮಚಗಳ ಜೊತೆಗೇ ಇಟ್ಟೆ.

ಅಯ್ಯೋ, ಆಗ ಆಕೆಯ ಮುಖ ನೋಡಬೇಕಿತ್ತು! ಬಳಸದ ಆ ಚಮಚವನ್ನು ಕಸಿದುಕೊಂಡು, ತೊಳೆದು, ಒರೆಸಿ, ಡ್ರಾಯರಿನೊಳಗೆ ಇಟ್ಟಳು. "ಅವನು ಬರ್ತಾನೆ. ಬದುಕಿರೋರದು ಅಲ್ಲಿ ಇಡಬಾರದು" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಓದು ಮುಗಿಸಿ ಹೊರಟ ದಿನ ನನಗೊಂದು ಹೂವಿನ ಚಿತ್ತಾರದ ಮರದ ಚಮಚ ಕೊಟ್ಟಳು. ನಾನು ಊರಿಗೆ ಬಂದು ಸವಳಂಗದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಆಮೇಲೆ ದೊಡ್ಡ ಯುದ್ಧವೇ ಬಂತು. ಬಾಂಬು ಬೀಳುತ್ತಿದ್ದ ದಿನಗಳಲ್ಲಿ ಫೋನ್ ಮಾಡಿ, ಊರು ಬಿಡಜ್ಜಿ ಎಂದು ಅಂಗಲಾಚಿದೆ. "ಅವನು ಬಂದಾಗ ಬಾಗಿಲಿಗೆ ಬೀಗ ಇದ್ರೆ?" ಎಂದಳು.  ಹೋದ ಚಳಿಗಾಲದಲ್ಲಿ ಆಕೆಯ ಕೆಳಮನೆಯ ಹೆಂಗಸಿನಿಂದ ಮೆಸೇಜು ಬಂತು. ಬಾಂಬಿಗೆ ಹೆದರಿ ಅಡಗಿದ್ದ ನೆಲಮಾಳಿಗೆಯ ಥಂಡಿಗೆ ಎದೆ ಕಟ್ಟಿ ಅಜ್ಜಿ ಹೋಗಿಬಿಟ್ಟಿದ್ದಳು. ಮಗನ ಸುದ್ದಿ ಇನ್ನೂ ಇಲ್ಲ.

ಅಮ್ಮನಿಗೆ ಇದೆಲ್ಲ ಗೊತ್ತು. ಈ ಸಲ ಎಡೆಗೆ ಬಾಳೆಲೆ ಹಾಸುತ್ತಾ, "ನಿನ್ನ ಆ ಅಜ್ಜಿಗೂ ಒಂದು ಎಲೆ ಹಾಕ್ಲೇನೇ?" ಎಂದಳು. ತಲೆಯಾಡಿಸಿದೆ. ಹುಗ್ಗಿಯ ಪಕ್ಕ ಆಕೆ ಕೊಟ್ಟಿದ್ದ ಆ ಚಮಚ ಇಟ್ಟೆ. ಇಟ್ಟ ಮೇಲೆಯೇ ನನಗೆ ಆಕೆ ನಿಜವಾಗಿ ಸತ್ತದ್ದು.

"ಅವರ ಮಗಂಗೆ?"

"ಬ್ಯಾಡಮ್ಮ. ಅಜ್ಜಿ ಇಟ್ಟಿರ್ಲಿಲ್ಲ."

ಅಮ್ಮ ಒಂದು ಬಟ್ಟಲಿಗೆ ಹುಗ್ಗಿ ಬಡಿಸಿ, ತಟ್ಟೆ ಮುಚ್ಚಿ, ಹೊಲದಿಂದ ತಡವಾಗಿ ಬರುವ ಅಪ್ಪನಿಗೆ ಇಡುವ ಹಾಗೆ ಒಲೆಯ ಪಕ್ಕಕ್ಕೆ ಇಟ್ಟಳು. "ಇರ್ಲಿ ಬಿಡು, ಬಂದಾಗ ಉಣ್ಣಾಕೆ ಆಗ್ತೈತೆ."

ಸಂಜೆಯವರೆಗೂ ಅದು ಹಾಗೇ ಇತ್ತು. ಒಂದು ಕಾಳೂ ಚೆಲ್ಲಬಾರದಲ್ಲ... ಅಳುತ್ತಾ ನಾನೇ ತಿಂದೆ.