ಸೆರಗಿನ ಹಿಂದಿನ ಮೀಸೆ

ಗ್ರಂಥಾಲಯಗಳ ಮೇಲೆ ನನಗೆ ಅಪಾರ ಗೌರವವಿದೆ. ಹೋಗುವುದು ಮಾತ್ರ ಕಡಿಮೆ. ವಿರಾಜಪೇಟೆ ಕಡೆಯ ಒಂದು ಗ್ರಂಥಾಲಯದ ಮಹಡಿಯಲ್ಲಿ ‘ಪ್ರದರ್ಶನ ಕಲೆಗಳ ಸಂಗ್ರಹ’ ಎಂಬುದೊಂದಿದೆಯೆಂದು ತಿಳಿದದ್ದೇ ಈಚೆಗೆ. ಗ್ರಂಥಾಲಯದ ಹೆಸರು ಹೇಳಲಾರೆ, ನಾನಿನ್ನೂ ಅಲ್ಲಿ ಬಿಟ್ಟಿ ಪೇಪರು ಓದಬೇಕು. ಹುತ್ತರಿ ಹಬ್ಬದಲ್ಲಿ ಮನೆಮನೆಯ ಮುಂದೆ ಬಡಿದ ದುಡಿ, ಊರಿನ ನಿದ್ದೆ ಕೆಡಿಸಿದ ಗೆಜ್ಜೆ, ಗಂಟಲು ಹರಿಯುವಂತೆ ಕೂಗಿದ ನಾಟಕದವರ ಕಿರೀಟ, ಎಲ್ಲವನ್ನೂ ತಂದು ‘ಮೌನವಾಗಿರಿ’ ಎಂಬ ಬೋರ್ಡಿನ ಕೆಳಗೆ ಕೂರಿಸಿದ್ದಾರೆ. ಕಲಾವಿದರಿಗೆ ನಾವು ಶಾಲು ಹೊದಿಸುವುದೂ ಸಾಮಾನ್ಯವಾಗಿ ಅವರು ಬಾಯಿ ಮುಚ್ಚಿದ ಮೇಲೆಯೇ.

ನನ್ನನ್ನು ಅಲ್ಲಿಗೆ ಅಟ್ಟಿದವರು ಸೋದರತ್ತೆ ಸೀತತ್ತೆ. ತೀರಿಹೋದ ಮಾವ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ನಮ್ಮ ಕಡೆ ರೈಟರ್ ಅಂದರೆ ಆಳುಗಳ ಹಾಜರಿ ಬರೆಯುವವರು. ಯಾವ ಸಾಹಿತಿಗಿಂತಲೂ ಹೆಚ್ಚು ಜನ ಅವರ ಬರಹಕ್ಕೆ ಕಾದಿರುತ್ತಾರೆ. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದ ಮೇಲೆ ಮಾವ ನಾಟಕದಲ್ಲಿ ರಾಣಿಯಾಗುತ್ತಿದ್ದರು. ಆದರೆ ಮೀಸೆ ಬೋಳಿಸಲು ಒಪ್ಪುತ್ತಿರಲಿಲ್ಲ. ಮರುದಿನ ಬರಿ ಮೂತಿ ಹೊತ್ತು ಸಂತೆಗೆ ಹೋಗುವುದು ಹೇಗೆ? ಹಾಗಾಗಿ ಆ ರಾಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ರಾಜ್ಯವಾಳುತ್ತಿದ್ದಳು.

“ಅವರು ವೇಷ ಹಾಕಿದ ಫೋಟೋ ಮನೇಲಿ ಒಂದೂ ಇಲ್ಲ. ಅಲ್ಲಿ ಉಂಟಂತೆ. ಅಡಿಯಲ್ಲಿ ಅವರ ಹೆಸರು ಹಾಕಿದ್ದಾರಾ ನೋಡಿ ಬಾ ಮಗ. ಕಣ್ಣು ಮುಚ್ಚುವ ಮೊದಲು ನನಗೆ ಅದೊಂದು ಆಗ್ಬೇಕು,” ಎಂದರು ಅತ್ತೆ.

ಫೋಟೋ ಇತ್ತು, ಗೋಡೆಯ ತುಂಬ ದೊಡ್ಡದು ಮಾಡಿ ಹಾಕಿದ್ದರು. ಅಡಿಯಲ್ಲಿ ‘ಅಜ್ಞಾತ ಕಲಾವಿದೆ’ ಎಂದಿತ್ತು. ಸಂಗ್ರಹದ ಉಸ್ತುವಾರಿ ಹೊತ್ತ ನಿವೃತ್ತ ಪ್ರೊಫೆಸರರು ಉತ್ಸಾಹದಿಂದ ವಿವರಿಸಿದರು: ಮುಚ್ಚಿದ ಆ ಬಾಯಿ ಯುಗಯುಗಗಳಿಂದ ಅದುಮಿಟ್ಟ ಸ್ತ್ರೀಧ್ವನಿಯ ಸಂಕೇತ. ಕೈಹೊತ್ತಗೆ ಅಚ್ಚಾಗಿದೆ. ಭಾನುವಾರ ಪ್ರದರ್ಶನದ ಉದ್ಘಾಟನೆ.

“ಸಾರ್, ಇದು ನಮ್ಮ ಪೂವಯ್ಯ ಮಾವ. ಸೆರಗಿನ ಹಿಂದೆ ಮೀಸೆ ಉಂಟು,” ಎಂದೆ.

ಅವರು ಭೂತಗನ್ನಡಿ ಹಿಡಿದು ನೋಡಿದರು. “ಕಾಣುವುದಿಲ್ಲವಲ್ಲ?”

“ಕಾಣಬಾರದು ಅಂತಲೇ ಸಾರ್ ಮುಚ್ಚಿದ್ದು.”

ಸಂಶೋಧನೆಯಲ್ಲಿ ಕಂಡದ್ದಕ್ಕಿಂತ ಕಾಣದ್ದಕ್ಕೇ ಬೆಲೆ ಹೆಚ್ಚು. ಆದರೆ ಆ ಕಾಣದ್ದನ್ನು ಸಂಶೋಧಕರೇ ಕಂಡಿರಬೇಕು, ನನ್ನಂಥವನಲ್ಲ. ಕೊನೆಗೆ ಒಂದು ಷರತ್ತು ಹಾಕಿದರು: ಕಲಾವಿದರ ಮನೆಯವರೇ ಬಂದು ಸ್ವಂತ ಬಾಯಿಂದ ಹೆಸರು ಹೇಳಬೇಕು, ಅದು ರೆಕಾರ್ಡ್ ಆಗಬೇಕು. ಸೋದರಳಿಯನ ಮಾತು ನಡೆಯುವುದಿಲ್ಲ.

ಮರುದಿನ ಅತ್ತೆಯನ್ನು ಕರೆದುಕೊಂಡು ಹೋದೆ. ಯಂತ್ರದ ಕೆಂಪು ದೀಪ ಹತ್ತಿತು.

“ಈ ಕಲಾವಿದೆ ನಿಮಗೆ ಗೊತ್ತೇ ಅಮ್ಮ?”

“ಗೊತ್ತಿಲ್ದೆ ಎಂತ? ಮದುವೆ ಆದಾಗಿಂದ ಬೇಯಿಸಿ ಹಾಕಿದ್ದು ನಾನೇ ಅಲ್ವಾ?”

“ಹೆಸರು?”

“ನಮ್ಮನೆಯವರು.”

“ಅದಲ್ಲ, ಹೆಸರು ಹೇಳಿ.”

ಅತ್ತೆ ನನ್ನ ಮುಖ ನೋಡಿದರು. ಅವರ ಕಾಲದವರು ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ; ರೇಷನ್ ಕಾರ್ಡಿನವರು ಕೇಳಿದರೂ ಪಕ್ಕದವರೇ ಹೇಳಬೇಕು. ನಾನು ಬಾಯಿ ತೆರೆದೆ, ಪ್ರೊಫೆಸರರು ಬೆರಳೆತ್ತಿ ತಡೆದರು. ಅತ್ತೆಯ ತುಟಿ ಎರಡು ಸಲ ಅಲುಗಿತು, ಸ್ವರ ಹೊರಡಲಿಲ್ಲ. ಪ್ರೊಫೆಸರರು ‘ಹೆಸರು ದೃಢಪಟ್ಟಿಲ್ಲ’ ಎಂದು ಹೇಳಿ ಯಂತ್ರ ಆರಿಸಿದರು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ತಿರುಗಿಕೊಂಡೇ ಕೂತಿದ್ದರು. ನನಗೆ ಪ್ರೊಫೆಸರರ ಮೇಲೂ ಸಿಟ್ಟು ಬಂತು, ಆ ಹಾಳು ಸಂಪ್ರದಾಯದ ಮೇಲೂ.

ಆದರೂ ಭಾನುವಾರ ಅತ್ತೆ ಹಟ ಹಿಡಿದು ಉದ್ಘಾಟನೆಗೆ ಬಂದರು. ಸ್ತ್ರೀಯರ ಮೌನದ ಬಗ್ಗೆ ಯಾರಿಗೂ ಬಾಯಿ ಬಿಡಲು ಅವಕಾಶ ಕೊಡದೆ ಮಾತಾಡಿದ ಅತಿಥಿಗಳು, ಆ ಹೆಸರಿಲ್ಲದ ಮಹಾತಾಯಿಗೆ ಎದ್ದು ನಿಂತು ಮೌನ ಗೌರವ ಸಲ್ಲಿಸೋಣ ಎಂದರು. ಎಲ್ಲರೂ ಎದ್ದರು. ಸಭೆಯ ಅಭ್ಯಾಸಬಲದಿಂದ ನಾನೂ ಎದ್ದೆ. ಅತ್ತೆ ಏಳಲಿಲ್ಲ.

“ಅಮ್ಮ, ಏಳಬೇಕು,” ಎಂದು ಪ್ರೊಫೆಸರರು ಹತ್ತಿರ ಬಂದು ಪಿಸುಗುಟ್ಟಿದರು.

ಅತ್ತೆ ಆಗ ಎದ್ದರು. “ಹೆಸರಿಲ್ಲದೆ ಎಂತ? ಪೂವಯ್ಯ!” ಎಂದರು. ಆ ಮೌನದಲ್ಲಿ ಅದು ಗೋಡೆಗೆ ಬಡಿದು ಬಂತು. “ಅದು ನನ್ನ ಗಂಡ, ಪೂವಯ್ಯ. ಬರ್ಕೊಳ್ಳಿ.”

ಪ್ರೊಫೆಸರರು ಜೇಬಿನಲ್ಲಿ ಪೆನ್ನು ಹುಡುಕತೊಡಗಿದರು. ಅತ್ತೆ ಕೂತು ನನ್ನ ಕೈ ಹಿಡಿದುಕೊಂಡರು.

“ಗಂಡನ ಹೆಸರು ಹೇಳಿದ್ರೆ ಅವರ ಆಯಸ್ಸು ಕಮ್ಮಿ ಆಗ್ತದೆ ಅಂತ ನಮ್ಮಮ್ಮ ಹೇಳ್ತಿದ್ರು,” ಎಂದರು. “ಇನ್ನು ಎಂತ ಕಮ್ಮಿ ಆಗ್ಲಿಕ್ಕುಂಟು ಮಗ?”