ಮೋಡವಿದ್ದರೆ ಪೂಜೆ ಉಪಾಧ್ಯರದು

ಡೊಂಬಿವಲಿಯ ನಮ್ಮ ಸೊಸಾಯಿಟಿಯಲ್ಲಿ ಚೌತಿಯ ಗಣಪತಿಗೆ ಪೂಜೆ ಮಾಡುವವರು ಉಡುಪಿ ಕಡೆಯ ಪುಂಡರೀಕಾಕ್ಷ ಉಪಾಧ್ಯರು. ಆ ಒಂದು ಪೂಜೆಗಾಗಿ ಅವರು ಹಬ್ಬಕ್ಕೆ ಊರಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಉಳಿದಂತೆ ಅವರು ಮಹಾಪೆಯ ಕಚೇರಿಯೊಂದರಲ್ಲಿ, ಉಪಗ್ರಹ ಕಳುಹಿಸುವ ಮಾಹಿತಿಯಿಂದ ಸಮುದ್ರದ ನಕ್ಷೆ ತಯಾರಿಸುತ್ತಾರೆ. ನೀರು ಎಲ್ಲಿ ಬೆಚ್ಚಗಿದೆ, ಎಲ್ಲಿ ತಣ್ಣಗಿದೆ, ಎಲ್ಲಿ ಹಸಿರಾಗಿದೆ ಎಂದು ಗುರುತಿಸಿದರೆ ಮೀನು ಸೇರುವ ಜಾಗವನ್ನು ಊಹಿಸಬಹುದು. ಬೋಟಿನವರು ಅಲ್ಲಿಗೆ ಹೋಗುತ್ತಾರೆ. ಸ್ವತಃ ಉಪಾಧ್ಯರು ಮೀನನ್ನು ಹತ್ತಿರದಿಂದ ಕಂಡದ್ದು ದಂತವೈದ್ಯರ ಗಾಜಿನ ತೊಟ್ಟಿಯಲ್ಲಿ ಮಾತ್ರ.

ಈ ವಿವರ ಯಾರಿಗೂ ತಿಳಿದಿರಲಿಲ್ಲ. ಕಳೆದ ವರ್ಷ ಚೌತಿಗೆ ಒಂದು ವಾರವಿರುವಾಗ ಅವರ ಮಗಳು ಅಕ್ಷಯಾ ಲಿಫ್ಟಿನಲ್ಲಿ, "ಪಪ್ಪಾ ತೋ ಮಛಲಿ ಢೂಂಢ್‌ತೇ ಹೈಂ" ಎಂದುಬಿಟ್ಟಳು; ಪಪ್ಪ ಮೀನು ಹುಡುಕುತ್ತಾರಂತೆ. ಸಂಜೆಯೊಳಗೆ ಕಮಿಟಿ ಸೇರಿತು. ಮೀನಿನ ವಿಳಾಸ ಕೊಡುವ ಕೈ ಗಣಪತಿಯನ್ನು ಮುಟ್ಟಬಹುದೇ ಎಂಬುದು ಚರ್ಚೆಯ ವಿಷಯ. ತಾನು ನೋಡುವುದು ಮೀನನ್ನಲ್ಲ, ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳ ಬಣ್ಣವನ್ನು, ಆದ್ದರಿಂದ ಉದ್ಯೋಗ ಶುದ್ಧ ಸಸ್ಯಾಹಾರಿ ಎಂದು ಉಪಾಧ್ಯರು ವಾದಿಸಿದರು.

"ಕಟುಕನ ಆಡು ಕೂಡ ಸೊಪ್ಪೇ ತಿನ್ನುದು ಮಾರಾಯ್ರೆ" ಎಂದರು ಸೆಕ್ರೆಟರಿ ರಘುಪತಿ ರಾಯರು.

ಮೋಡ ಕವಿದರೆ ಉಪಗ್ರಹಕ್ಕೆ ನೀರು ಕಾಣದು, ನಕ್ಷೆ ಖಾಲಿ, ಆ ದಿನ ಮೀನಿನ ಪಾಪವೂ ಇಲ್ಲ ಎಂದು ಉಪಾಧ್ಯರು ಕಡೆಯ ಅಸ್ತ್ರ ಬಿಟ್ಟರು. ಕಮಿಟಿ ಅದನ್ನೇ ಹಿಡಿದು ತೀರ್ಮಾನಿಸಿತು: ಚೌತಿಯಂದು ಮೋಡವಿದ್ದರೆ ಪೂಜೆ ಉಪಾಧ್ಯರದು, ಬಾನು ತಿಳಿಯಾಗಿದ್ದರೆ ರಾಯರದು. ರಾಯರಿಗೆ ಮಂತ್ರ ಬಾರದು, ಮಂಡಿಯೂ ಮಡಚದು.

ವರ್ಷವಿಡೀ ತಿಳಿಯಾದ ಬಾನಿಗೆ ಹಾತೊರೆಯುವ ಉಪಾಧ್ಯರು ಆ ವಾರ ಪೂರ್ತಿ ಮಳೆಗಾಗಿ ವರುಣನನ್ನು ಬೇಡಿಕೊಂಡರು. ಪತ್ನಿ ವಸಂತಿ ಒಣಗದ ಬಟ್ಟೆಗಳನ್ನು ಮತ್ತೆ ಮತ್ತೆ ತಿರುವಿ ಹಾಕಿದರು.

ಚೌತಿಯಂದು ಡೊಂಬಿವಲಿಯಲ್ಲಿ ಧಾರಾಕಾರ ಮಳೆ. ಉಪಾಧ್ಯರು ಮಡಿಯುಟ್ಟು ಸಂತೃಪ್ತರಾಗಿ ಕುಳಿತರು. ಪೂಜೆ ಅರ್ಧಕ್ಕೆ ಬಂದಾಗ ವಸಂತಿಯ ಕೈಯಲ್ಲಿದ್ದ ಅವರ ಫೋನಿಗೆ ಕಚೇರಿಯ ಸಂದೇಶ ಬಂತು. ಆಕೆ ಅದನ್ನು ಗಟ್ಟಿಯಾಗಿ ಓದಿದರು: ರತ್ನಾಗಿರಿಯಾಚೆಯ ಸಮುದ್ರದ ಮೇಲೆ ಬಾನು ಪೂರ್ತಿ ತಿಳಿಯಾಗಿದೆ, ನಕ್ಷೆ ಅತ್ಯುತ್ತಮವಾಗಿ ಬಂದಿದೆ, ಅಭಿನಂದನೆಗಳು.

ಉಪಾಧ್ಯರು ಮೆಲ್ಲನೆ ಎದ್ದು ನಿಂತರು.

"ಇಲ್ಲಿ ಮಾತ್ರ ಮೋಡ. ನಕ್ಷೆ ನನ್ನ ಹೆಸರಲ್ಲೇ ಹೋಗಿದೆ. ನೀವು ಕೂತ್ಕೊಳ್ಳಿ ರಾಯರೇ."

ಸಭೆ ರಾಯರ ಮಂಡಿಗಳನ್ನು ನೋಡಿತು. ರಾಯರು ಆರುತ್ತಿದ್ದ ಕಡುಬಿನ ಪಾತ್ರೆಯನ್ನು ನೋಡಿದರು.

"ರತ್ನಾಗಿರಿ ನಮ್ಮ ಸೊಸಾಯಿಟಿಯಲ್ಲಿ ಬರ್ತದಾ? ಕಂಪೌಂಡಿನಾಚೆಯದ್ದಕ್ಕೆ ಕಮಿಟಿ ಜವಾಬ್ದಾರಿ ಅಲ್ಲ. ಕೂತು ಮುಗಿಸಿ ಮಾರಾಯ್ರೆ."

ಉಪಾಧ್ಯರು ಕುಳಿತರು. ಗಣಪತಿಯ ಮುಖವನ್ನು ಕೊಂಚ ಹೊತ್ತು ನೋಡಿ, ಆ ಕಡೆಯಿಂದ ಯಾವ ಆಕ್ಷೇಪಣೆಯೂ ಬಾರದಿರಲು, ಗಂಟೆಯನ್ನು ಎತ್ತಿಕೊಂಡರು.