ಬೀದಿಯ ಕಲಗಚ್ಚು, ಅಕ್ಕನ ಹಂದಿಗಳು

ರೋಗ ನಮ್ಮ ಮನೆಗೆ ಬಂದದ್ದು ಅಕ್ಕನ ಸೊಂಟದ ಮೇಲೆ, ಸೀಮೆಎಣ್ಣೆ ಡಬ್ಬದಲ್ಲಿ ಕೂತು. ಅದು ನನಗೆ ತಿಳಿಯುವಷ್ಟರಲ್ಲಿ ಎಷ್ಟೋ ವರ್ಷಗಳಾಗಿದ್ದವು. ಆಗ ನಾನು ಉಳಿದೆಲ್ಲ ದಿಕ್ಕಿಗೂ ಕಣ್ಣಿಟ್ಟು ಕಾಯುತ್ತಿದ್ದೆ. ಚಿಂತೆ ಮಾಡುವುದರಲ್ಲಿ ಚಿನ್ನದ ಗಣಿಯ ಕೂಲಿಗಳ ಸಾಲುಮನೆಗಳಿದ್ದ ಮೈಸೂರು ಮೈನ್ಸಿನ ಲೈನುಗಳಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಈಗ ತಲೆಗೂದಲು ಉದುರಿ ಹೊಟ್ಟೆ ಬಂದಮೇಲೂ ಆ ಪಟ್ಟವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಭಾವ ಗಣಿಯ ದೂಳು ಎದೆಗೆ ಹತ್ತಿ ತೀರಿಕೊಂಡ ಮೇಲೆ ಅಕ್ಕ ನನ್ನ ತಟ್ಟಿಮನೆಗೆ ಬಂದಳು. ನಾನಾಗ ಗಣಿಯ ಮರದ ಯಾರ್ಡಿನಲ್ಲಿ ಕೆಲಸಕ್ಕಿದ್ದೆ, ಮದುವೆಯಾಗಿರಲಿಲ್ಲ. ಕಾಮಸಮುದ್ರದ ಹತ್ತಿರದ ಹಳ್ಳಿಯಿಂದ ಅವಳ ಗಂಡನ ಅಣ್ಣ ಆಗಾಗ ಬಂದು, "ನಮ್ಮನೆ ಸೊಸೆ ನಮ್ಮನೇಲಿರ್‍ಬೇಕು" ಎನ್ನುತ್ತಿದ್ದ. ಹಾಗೆಂದರೇನೆಂದು ಅವಳಿಗೆ ಗೊತ್ತಿತ್ತು. ಒಂದು ಸುಗ್ಗಿ ಅಲ್ಲಿದ್ದು ಬಂದಿದ್ದಳು: ಎಲ್ಲರಿಗಿಂತ ಮೊದಲು ಏಳಬೇಕು, ಎಲ್ಲರೂ ಉಂಡ ಮೇಲೆ ಪಾತ್ರೆಯ ತಳ ಕೆರೆದು ಉಣ್ಣಬೇಕು. ಅದಕ್ಕೇ ಕಿವಿಯ ಓಲೆ ಬಿಚ್ಚಿ ಕೊಟ್ಟು ಒಂದು ಹೆಣ್ಣು ಹಂದಿ ತಂದಳು. ಅದು ಮರಿ ಹಾಕಿತು. ಮರಿಗಳು ಕ್ರಿಸ್ಮಸ್ ತನಕ ಉಳಿದರೆ ಸಾಕು, ಆಗ ದೊರೆಗಳ ಬಂಗಲೆಯಿಂದ ಹಿಡಿದು ಲೈನಿನ ಕ್ರೈಸ್ತರವರೆಗೆ ಎಲ್ಲರಿಗೂ ಹಂದಿ ಬೇಕು; ಆಮೇಲೆ ಪಕ್ಕದ ಲೈನಿನಲ್ಲಿ ಒಂದು ಕೋಣೆ ಹಿಡಿದು ತನ್ನ ಒಲೆ ತಾನು ಹಚ್ಚುತ್ತೇನೆ ಎನ್ನುವುದು ಅವಳ ಲೆಕ್ಕ.

ಹಳೇ ತಗಡುಗಳನ್ನು ಕಟ್ಟಿ, ಚರಂಡಿಯಾಚೆ ಒಂದು ದೊಡ್ಡಿ ಮಾಡಿದೆವು. ಮೇವೆಂದರೆ ಬೀದಿಯ ಕಲಗಚ್ಚು. ಪ್ರತಿ ಮನೆಯವರೂ ಅಕ್ಕಿ ತೊಳೆದ ನೀರು, ಹಳಸಿದ ಅನ್ನ, ತರಕಾರಿ ಸಿಪ್ಪೆ ಎಲ್ಲವನ್ನೂ ಬಾಗಿಲ ಪಕ್ಕದ ಮಡಕೆಗೆ ಸುರಿಯುತ್ತಿದ್ದರು. ಬೆಳಗ್ಗೆ ಅಕ್ಕ ಡಬ್ಬಕ್ಕೆ ಬಗ್ಗಿಸಿಕೊಂಡು ಬರುತ್ತಿದ್ದಳು. ಅದಕ್ಕೆ ಪ್ರತಿಯಾಗಿ, ಹಂದಿ ಕೊಯ್ದ ದಿನ ಕಲಗಚ್ಚು ಕೊಟ್ಟ ಮನೆಗೆಲ್ಲ ಒಂದೊಂದು ತುಂಡು ಕೊಡಬೇಕು. ಹೀಗಾಗಿ ಅವು ಅಕ್ಕನ ಹಂದಿಗಳಾದರೂ ಇಡೀ ಬೀದಿ ಅವುಗಳ ಬೆನ್ನು ಸವರಿ ಹೋಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಬೇತಮಂಗಲದ ಕಡೆ ಹಂದಿಗಳು ಸಾಯುತ್ತಿವೆ ಎಂಬ ಸುದ್ದಿ ಬಸ್ಸಿನವರಿಂದ ಬಂತು. ನನಗೆ ನಿದ್ದೆ ಹೋಯಿತು. ದೊಡ್ಡಿಯ ಸುತ್ತ ಸುಣ್ಣ ಚೆಲ್ಲಿದೆ. ಬೀಡಾಡಿ ಹಂದಿ ಕಂಡರೆ ದೊಣ್ಣೆ ಹಿಡಿದು ಅಟ್ಟಿದೆ. ಗಾಳಿ ಆ ಕಡೆಯಿಂದ ಬೀಸುತ್ತಿದೆ ಎಂದು ತಗಡಿಗೆ ಗೋಣಿ ಕಟ್ಟಿದೆ. ತಗಡಿನ ತುಕ್ಕು ತಾಗಿ ನನಗೇ ಧನುರ್ವಾಯು ಬಂದೀತೆಂದು ಒಂದು ವಾರ ದವಡೆ ಆಡಿಸಿ ನೋಡಿಕೊಂಡೆ.

"ನಿಂಗೆ ಹೆಣ್ಣು ಕೊಡೋರು ಬಂದ್ರೆ ಈ ದೊಡ್ಡಿ ತೋರಿಸ್ತೀನಿ ಕಣ್ಲಾ," ಎಂದಳು ಅಕ್ಕ. "ಹಂದೀನೇ ಹಿಂಗ್ ಕಾಯ್ತಾನೆ, ಹೆಂಡ್ರನ್ನ ಬಿಡ್ತಾನಾ ಅಂತೀನಿ."

"ನಗು ಅಕ್ಕಾ, ನಗು. ಒಂದಕ್ಕೆ ಬಂದ್ರೆ ಎಲ್ಲಕ್ಕೂ ಬತ್ತದೆ."

"ಬಾಯಿ ಮುಚ್ಕೊಂಡು ಓಗ್ಲಾ. ನಿನ್ನ ಬಾಯಿಂದಲೇ ಬರ್‍ಬೇಕು ಅದು."

ಆ ಭಾನುವಾರ ನಮ್ಮ ಲೈನಿನಲ್ಲಿ ಗುಡ್ಡೆ ಬಾಡು ಹಾಕಿದರು. ಒಂದು ಪ್ರಾಣಿ ಕೊಯ್ದು, ಮಾಂಸವನ್ನು ಸಮನಾಗಿ ಗುಡ್ಡೆ ಮಾಡಿ, ಮನೆಗೊಂದರಂತೆ ಹಂಚಿಕೊಳ್ಳುವುದು. ಕೊಯ್ಯುವವನು ನಮ್ಮ ಬೀದಿಯವನೇ, ಮೂರು ಭಾಷೆ ಬೆರೆಸಿ ಮಾತಾಡುವ ನಗೆಗಾರ. ಎಲ್ಲಿಂದಲೋ ಒಂದು ದೊಡ್ಡ ಹಂದಿಯನ್ನು ಅಗ್ಗಕ್ಕೆ ಹೊಡೆದುಕೊಂಡು ಬಂದಿದ್ದ.

"ಯಾಕಣ್ಣ ಹಿಂಗೆ ತೂರಾಡ್ತದೆ ಇದು?" ಎಂದು ಕೇಳಿದೆ.

"ನಡ್ಕೊಂಡು ಬಂದಿದೆಯಪ್ಪಾ, ಪಾವಂ, ನಿನ್ನಂಗೆ ಸೈಕಲ್ ಇಲ್ಲ ಅದಕ್ಕೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ಪ್ರತಿ ಮನೆಯಲ್ಲೂ ಮಾಂಸ ತೊಳೆದರು, ತೊಳೆದ ನೀರನ್ನು ಬಾಗಿಲ ಮಡಕೆಗೆ ಸುರಿದರು. ಸಾರು ಚೆನ್ನಾಗಿತ್ತು; ಎರಡು ಸಲ ಬಡಿಸಿಕೊಂಡೆ. ಮರುದಿನ ಬೆಳಗ್ಗೆ ಅಕ್ಕನ ಡಬ್ಬ ಎಂದಿಗಿಂತ ಭಾರವಾಗಿತ್ತು, ಮೇಲೆ ತೆಳ್ಳಗೆ ಕೆಂಪು ಬಣ್ಣ. "ಇವತ್ತು ಇವಕ್ಕೂ ಹಬ್ಬ," ಎನ್ನುತ್ತ ಮೇವಿನ ದೋಣಿಗೆ ಸುರಿದಳು. ಹಂದಿಗಳು ತಳ ನೆಕ್ಕಿದವು. ನಾನು ಅಲ್ಲೇ ನಿಂತು ದೊಡ್ಡಿಯ ಬಾಗಿಲ ಅಗಳಿ ಸರಿಯಾಗಿದೆಯೇ ಎಂದು ಅಲ್ಲಾಡಿಸುತ್ತಿದ್ದೆ.

ಬಹಳ ಕಾಲದ ಮೇಲೆ ಬಂಗಾರಪೇಟೆಯ ದನದ ಡಾಕ್ಟರೊಬ್ಬರು ಮಾತಿನ ನಡುವೆ ಹೇಳಿದರು: "ಹಂದಿಜ್ವರಕ್ಕೆ ಕಾಲಿಲ್ಲಪ್ಪ, ಹಸಿ ಮಾಂಸದಲ್ಲೇ ಸವಾರಿ. ಉಪ್ಪು ಹಚ್ಚಿದರೂ ಸಾಯಲ್ಲ. ಕಲಗಚ್ಚನ್ನ ಚೆನ್ನಾಗಿ ಕುದಿಸಿ ಹಾಕಿದ್ರೆ ಮಾತ್ರ ಸಾಯ್ತದೆ." ನಮ್ಮ ಬೀದಿಯಲ್ಲಿ ಮನುಷ್ಯರ ಅನ್ನಕ್ಕೇ ಸೌದೆ ಸಾಲುತ್ತಿರಲಿಲ್ಲ. ಹಂದಿಯ ಕಲಗಚ್ಚು ಕುದಿಸಿದ್ದರೆ ಅಕ್ಕನಿಗೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು.

ಗಣಿಯ ಆಳದಲ್ಲಿ ಬಂಡೆ ಸಿಡಿದಾಗಲೆಲ್ಲ ಲೈನಿನ ನೆಲ ಅದುರುತ್ತಿತ್ತು. ಆಗ ಹಂದಿಗಳು ಎದ್ದು ಕಿರುಚಿ ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು. ಆ ವಾರದ ಕೊನೆಗೆ ಒಂದು ಮಧ್ಯಾಹ್ನ ಪಾತ್ರೆಗಳು ಗಲಗಲ ಎನ್ನುವಂತೆ ನೆಲ ನಡುಗಿತು. ದೊಡ್ಡಿಯಿಂದ ಸದ್ದೇ ಬರಲಿಲ್ಲ. ಹೋಗಿ ನೋಡಿದರೆ ಆ ಬಿಸಿಲಲ್ಲೂ ಚಳಿಗೆಂಬಂತೆ ಒತ್ತಾಗಿ ಮಲಗಿದ್ದವು. ದೋಣಿಯಲ್ಲಿ ಬೆಳಗಿನ ಕಲಗಚ್ಚು ಹಾಗೇ ಇತ್ತು. ತಾಯಿ ಹಂದಿಯ ಕಿವಿಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಅಕ್ಕ ಒಂದು ಮರಿಯನ್ನು ಎತ್ತಿ ನಿಲ್ಲಿಸಿದಳು. ಹಿಂಗಾಲು ಮಡಿಸಿ ಕುಸಿಯಿತು. ಮತ್ತೆ ನಿಲ್ಲಿಸಿದಳು.

ಎರಡು ದಿನದೊಳಗೆ ಮರಿಗಳು ಒಂದೊಂದಾಗಿ ಸತ್ತವು. ಕೊಯ್ಯುವವನು ಬಂದು ದೊಡ್ಡಿಯ ತಗಡಿಗೆ ಒರಗಿ ನಿಂತ. ಈ ಸಲ ನಗಲಿಲ್ಲ. "ಅಕ್ಕಾ, ತಾಯಿ ಇನ್ನೂ ಉಸಿರಾಡ್ತಾ ಇದೆ. ಈಗ್ಲೇ ಕೊಯ್ದ್ರೆ ಗುಡ್ಡೆ ಹಾಕಬೋದು. ನಾಳೆ ಆದ್ರೆ ಗುಂಡೀಗೆ."

ಅಕ್ಕ ಆಗಲೆಂದು ತಲೆಯಾಡಿಸಿದಳು. ಕಲಗಚ್ಚು ಕೊಟ್ಟ ಮನೆಗಳಿಗೆಲ್ಲ ತುಂಡು ಹೋಯಿತು, ಯಾರನ್ನೂ ಬಿಡಲಿಲ್ಲ. ಉಳಿದದ್ದಕ್ಕೆ ಉಪ್ಪು ಅರಿಸಿನ ಹಚ್ಚಿ ದಾರಕ್ಕೆ ಪೋಣಿಸಿ ತಗಡಿನ ಮೇಲೆ ಒಣಹಾಕಿದಳು. ಅವಳು ಅಳಲಿಲ್ಲ. ಅದೂ ನನಗೊಂದು ಚಿಂತೆಯಾಯಿತು.

ಸುದ್ದಿ ತಿಳಿದು ಗಂಡನ ಅಣ್ಣ ಬಂದ. ಈ ಸಲ ಅವನು ಜಾಸ್ತಿ ಮಾತಾಡಬೇಕಾಗಲಿಲ್ಲ.

"ಬತ್ತೀನಿ ಬಾವ," ಎಂದು ಅಕ್ಕ ಎರಡು ಸೀರೆ ಮಡಿಸಿದಳು. ಆ ಮನೆಗೆ ಬರಿಗೈಲಿ ಹೋಗಬಾರದೆಂದು ಒಣಗಿದ ಮಾಂಸವನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದಳು.

ಬಸ್ಸಿಗೆ ಕಾಯುವಾಗ ನಾನು, "ಹುಷಾರಕ್ಕಾ," ಎಂದೆ.

"ಆಗೋದೆಲ್ಲ ಆಗೋಯ್ತು. ಇನ್ನು ಯಾವ್ದಕ್ಕ್ಲಾ ಹುಷಾರು?"

"ಅವ್ಳಿಗೇನು ಯೋಚ್ನೆ," ಎಂದ ಅವಳ ಗಂಡನ ಅಣ್ಣ, ಸಮಾಧಾನ ಮಾಡುವವನಂತೆ. "ನಮ್ಮೂರಲ್ಲಿ ಎಲ್ರ ಮನೇಲೂ ಹಂದಿ ಅವೆ. ಎಲ್ಲಾ ಗುಂಡುಗುಂಡಾಗವೆ. ಇವ್ಳೂ ನಮ್ಮವನ್ನ ನೋಡ್ಕೊಂಡಿರ್‍ತಾಳೆ."

ಬಸ್ಸು ಬಂತು. ಅಕ್ಕ ಕಿಟಕಿಯ ಪಕ್ಕ ಕೂತು ಗಂಟನ್ನು ಮಡಿಲಲ್ಲಿಟ್ಟುಕೊಂಡಳು. ಹಿಂದಿನ ಟೈರು ಸವೆದು ನುಣ್ಣಗಾಗಿತ್ತು. ಬಸ್ಸು ಕಾಮಸಮುದ್ರದ ರಸ್ತೆಗೆ ತಿರುಗಿ ಮರೆಯಾಗುವ ತನಕ ನಾನು ಅದನ್ನೇ ನೋಡುತ್ತ, ದಾರಿಯಲ್ಲಿ ಎಲ್ಲಿ ಒಡೆಯುತ್ತದೋ ಎಂದು ಹೆದರುತ್ತ ನಿಂತಿದ್ದೆ.